ಗಾಳಿಯ ಪ್ರಬಂಧ ಹೊತ್ತು ವಿಶಾಖಪಟ್ಟಣಕ್ಕೆ

ಹೊರಟದ್ದು

ನಾನು ಗುಂತಕಲ್ ದಾಟಿ ಆಚೆಗೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ದೇವರ ದರ್ಶನಕ್ಕಲ್ಲ, ಮದುವೆಗಲ್ಲ. ಯಾರೋ ಬರೆದ ಒಂದು ಪ್ರಬಂಧದ ದೆಸೆಯಿಂದ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಆಗ ವಿಶ್ವವಿದ್ಯಾಲಯವೊಂದರ ಪ್ರಬಂಧ ವಿಭಾಗದಲ್ಲಿ ಗುಮಾಸ್ತ. ಪಿಎಚ್.ಡಿ.ಗೆಂದು ಜನ ವರ್ಷಗಟ್ಟಲೆ ಕೂತು ಬರೆದು ತಂದದ್ದನ್ನು ತೆಗೆದುಕೊಂಡು, ನಂಬರು ಹಾಕಿ, ಕಂದು ಕಾಗದದಲ್ಲಿ ಸುತ್ತಿ, ಅರಗು ಒತ್ತಿ, ಪರಊರಿನ ಪರೀಕ್ಷಕರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುವುದು ನನ್ನ ಕೆಲಸ. ಜೋಳದ ಕಾಡಿಗೆ ರೋಗ, ಕೋಟೆಗಳ ನೀರಿನ ವ್ಯವಸ್ಥೆ, ಕರಿಮಣ್ಣಿನ ಬಿರುಕು, ತಲೆಬುಡ ತಿಳಿಯದ ಗಣಿತ, ಎಲ್ಲವೂ ನನ್ನ ಕೈ ದಾಟಿಯೇ ಹೋಗಿವೆ. ಅವುಗಳ ತೂಕ ಗೊತ್ತು, ರಟ್ಟಿನ ಬಣ್ಣ ಗೊತ್ತು. ಒಂದನ್ನೂ ತೆರೆದು ಓದಿದವನಲ್ಲ.

ಕುಮಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಗಿರಿಜಾ ಎಂಬವರು ಒಂದು ಪ್ರಬಂಧ ಕೊಟ್ಟಿದ್ದರು. ‘ಉತ್ತರ ಕನ್ನಡದ ಮೀನುಗಾರರ ಮಾತಿನಲ್ಲಿ ಗಾಳಿ ಮತ್ತು ನೀರು’ ಎಂದು ಅದರ ಹೆಸರು. ಇಬ್ಬರು ಪರೀಕ್ಷಕರಲ್ಲಿ ಒಬ್ಬರು ವರದಿ ಕಳಿಸಿದ್ದರು. ಇನ್ನೊಬ್ಬರು ವಿಶಾಖಪಟ್ಟಣದ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದ ಸೋಮಯಾಜುಲು ಎಂಬ ಹಿರಿಯರು. ಕನ್ನಡ ಬಲ್ಲವರು, ಕಡಲ ಜನರ ಮಾತನ್ನೇ ಅಭ್ಯಾಸ ಮಾಡಿದವರು. ಪ್ರಬಂಧ ಕಳಿಸಿ ಹದಿನಾಲ್ಕು ತಿಂಗಳಾದರೂ ಅವರಿಂದ ಉತ್ತರವಿಲ್ಲ. ಮೂರು ಸಲ ನೆನಪೋಲೆ ಹಾಕಿದ್ದೆ.

ಗಿರಿಜಾ ಎರಡು ತಿಂಗಳಿಗೊಮ್ಮೆ ಘಟ್ಟ ಹತ್ತಿ ಬಸ್ಸಿನಲ್ಲಿ ಬರುವರು. “ಏನಾದ್ರೂ ಬಂತಾ ಸರ್?” ಎನ್ನುವರು. “ಇಲ್ರೀ” ಎನ್ನುತ್ತಿದ್ದೆ. ಡಾಕ್ಟರೇಟ್ ಆದರೆ ಅವರ ಕೆಲಸ ಕಾಯಂ. ಇಲ್ಲವಾದರೆ ಜೂನ್‌ನಲ್ಲಿ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಫೆಬ್ರವರಿಯಲ್ಲಿ ಬಂದಾಗ ಅವರು ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹಾಗೇ ತಿರುಗಿದರು. ಅದನ್ನು ನಮ್ಮ ಕುಲಸಚಿವರು ನೋಡಿದರು.

“ಬಸಪ್ಪ, ನಿಮ್ಮ ತಂಗಿ ಅಲ್ಲೇ ಇರ್ತಾಳಲ್ಲ?” ಎಂದರು. “ನೀವ ಹೋಗ್ರಿ. ವರದಿ ಕೈಯಾಗ ಹಿಡಕೊಂಡ ಬರ್ರಿ.”

ಪ್ರಬಂಧದ ಇನ್ನೊಂದು ಪ್ರತಿಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಗುಂತಕಲ್‌ನಲ್ಲಿ ಗಾಡಿ ಬದಲಿಸಿದ ಮೇಲೆ ಸುತ್ತಲೂ ತೆಲುಗು. ನನ್ನ ಚೀಲ ಕಾಲ ಬಳಿ ಇತ್ತು. ಎದುರು ಕೂತಿದ್ದ ಮುದುಕರು ಅದರ ಬಾಯಿಂದ ಇಣುಕುತ್ತಿದ್ದ ರಟ್ಟು ನೋಡಿ, “ಪುಸ್ತಕಮಾ?” ಎಂದರು. ತಲೆಯಾಡಿಸಿದೆ. ಅವರು ಬಗ್ಗಿ ಚೀಲವನ್ನೆತ್ತಿ ನನ್ನ ಪಕ್ಕದ ಸೀಟಿನ ಮೇಲಿಟ್ಟು, “ಕಿಂದ ಪೆಟ್ಟಕೂಡದು” ಎಂದರು. ಕೆಳಗಿಡಬಾರದು ಎಂದು ನನಗೂ ತಿಳಿಯಿತು. ಇಪ್ಪತ್ತು ವರ್ಷ ಆಫೀಸಿನ ನೆಲದ ಮೇಲೆ ಪ್ರಬಂಧಗಳ ಅಟ್ಟಿ ಒಟ್ಟಿದವನು ನಾನು. ಅವರ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡಿದೆ.

ವಿಜಯವಾಡ ಬಂದದ್ದು, ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಬಾಯಿ ತೆರೆದು ಮಲಗಿದ್ದೆ.

ಗಾಜುವಾಕ

ನನ್ನ ತಂಗಿ ಶಾಂತಾಳ ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದವರು, ಒಂದೆರಡು ವರ್ಷ ಎಂದುಕೊಂಡದ್ದು ಹತ್ತು ವರ್ಷವಾಗಿತ್ತು. ಗಾಜುವಾಕದಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ. ಕೆಳಗೆ ಪಾತ್ರೆ ಅಂಗಡಿ, ಎದುರಿಗೆ ಬಸ್ ನಿಲ್ದಾಣ. ಉಕ್ಕಿನ ಕಾರ್ಖಾನೆಯ ಕಡೆಗೆ ಹೋಗುವ ಲಾರಿಗಳ ಧೂಳು ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಸರಳುಗಳ ಮೇಲೆ ಕೂತಿರುತ್ತಿತ್ತು.

ಶಾಂತಾಳ ಮಾತು ಅರ್ಧ ನಮ್ಮ ಕಡೆಯದು, ಅರ್ಧ ಆ ಊರಿನದು. “ಬಾ ಅಣ್ಣಾ, ಕೂಡು. ಕಂಗಾರು ಪಡಬ್ಯಾಡ, ಎಲ್ಲಾ ಸರಿ ಆಗ್ತದ” ಎಂದಳು. ಕಂಗಾರು ಅಂದರೆ ಗಾಬರಿ ಅಂತ ಅವಳ ಮುಖ ನೋಡಿ ಅರ್ಥ ಮಾಡಿಕೊಂಡೆ. ಎಂಟು ವರ್ಷದ ಅವಳ ಮಗಳು ನನ್ನನ್ನು “ಮಾವಯ್ಯಾ” ಎಂದು ಕರೆದಳು. ಮಾವ ಎನ್ನು ಎಂದು ತಾಯಿ ತಿದ್ದಿದಳು. ನನಗೇನೋ ಮಾವಯ್ಯನೇ ಚೆನ್ನಾಗಿ ಕೇಳಿಸಿತು. ಊಟಕ್ಕೆ ಗೋಂಗೂರ ಪಚ್ಚಡಿ ಬಡಿಸಿದರು. ನಮ್ಮ ಪುಂಡಿಪಲ್ಲೆಯ ಅಕ್ಕ ಅಷ್ಟೇ ಎಂದು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟೆ. ಖಾರ ನೆತ್ತಿಗೇರಿ ಒಂದು ಚೊಂಬು ನೀರು ಎತ್ತಿ ಕುಡಿದೆ.

ಮರುದಿನ ಬೆಳಿಗ್ಗೆ ವಿಳಾಸದ ಚೀಟಿ ಹಿಡಿದು ಒಬ್ಬನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ನೋಡುತ್ತ ಹೋದೆ. ತೆಲುಗು ಅಕ್ಷರ ನಮ್ಮವೇ, ತಲೆಯ ಮೇಲೆ ಮಾತ್ರ ಬೇರೆ ಕ್ರಾಪು. ಬಂದರಿನ ಕ್ರೇನುಗಳು ಕಾಣುವ ಹೊತ್ತಿಗೆ ಔಷಧಿ ಅಂಗಡಿಯ ಮೇಲೆ ‘ಮಂದುಲ ಷಾಪು’, ಬಟ್ಟೆ ಅಂಗಡಿಯ ಮೇಲೆ ‘ಬಟ್ಟಲ ದುಕಾಣಂ’ ಎಂದು ಕೂಡಿಸಿ ಕೂಡಿಸಿ ಓದತೊಡಗಿದ್ದೆ. ಶಾಲೆಗೆ ಹೊಸದಾಗಿ ಸೇರಿದ ಹುಡುಗನಷ್ಟು ಖುಷಿ.

ಪ್ರೊಫೆಸರರ ಮನೆ ಸಿಕ್ಕಿತು. ಬಾಗಿಲಿಗೆ ಹೊಸ ಬಣ್ಣ, ಗೇಟಿಗೆ ಬೀಗ. ಪಕ್ಕದ ಮನೆಯಾಕೆ ತುಳಸಿಗೆ ನೀರು ಹಾಕುತ್ತಿದ್ದರು. “ಸೋಮಯಾಜುಲು?” ಎಂದೆ. “ಇಲ್ಲು ಅಮ್ಮೇಶಾರಂಡೀ” ಎಂದು ಕೈ ಅಲ್ಲಾಡಿಸಿದರು. ಇಲ್ಲ ಎನ್ನುವುದು ಕೇಳಿಸಿತು, ಅಮ್ಮ ಎನ್ನುವುದು ಕೇಳಿಸಿತು. ಆಮೇಲೆ ಆಕೆ ಆಕಾಶದ ಕಡೆ, ನಂತರ ತನ್ನ ಕಣ್ಣುಗಳ ಕಡೆ ಬೆರಳು ತೋರಿಸಿದರು. ಕೈ ಮುಗಿದು ಹಿಂದಿರುಗಿದೆ.

ಮನೆಗೆ ಬಂದು, “ಶಾಂತಾ, ಹೋಗಿಬಿಟ್ಟಾರವಾ. ಗಂಡಾ ಹೆಂಡತಿ ಇಬ್ಬರೂ” ಎಂದೆ. ಆಕೆ ಏನಂದಳು, ಅಕ್ಷರಕ್ಕಕ್ಷರ ಹೇಳು ಎಂದಳು ಶಾಂತಾ. ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

“ಅಣ್ಣಾ, ಇಲ್ಲು ಅಂದ್ರ ಮನಿ. ಅಮ್ಮೇಶಾರು ಅಂದ್ರ ಮಾರಿಬಿಟ್ಟಾರು. ಮನಿ ಮಾರ್ಯಾರ, ಅಷ್ಟ.”

“ಮತ್ತ ಆಕಾಶ ತೋರ್ಸಿದ್ಳಲ್ಲ?”

ನಗು ನಿಲ್ಲಿಸಿದಳು. “ಹೆಂಡ್ತಿ ಹೋಗಿರಬೇಕು. ಕಣ್ಣು ಯಾಕ ತೋರ್ಸಿದ್ಲೋ ಗೊತ್ತಿಲ್ಲ. ನಾಳೆ ನಾನೂ ಬರ್ತೀನಿ.”

ಪ್ರಬಂಧಗಳ ಕೋಣೆ

ಹತ್ತು ವರ್ಷದಿಂದ ಆ ಊರಲ್ಲಿದ್ದರೂ ಶಾಂತಾ ವಿಶ್ವವಿದ್ಯಾಲಯದ ಒಳಗೆ ಕಾಲಿಟ್ಟಿರಲಿಲ್ಲ. ಹೊಸ ಸೀರೆ ಉಟ್ಟು ಬಂದಳು. ಏರಿನ ಮೇಲೆ ಹರಡಿದ ಕಟ್ಟಡಗಳು, ನಡುವೆ ಮರಗಳು, ರಸ್ತೆಯ ತಿರುವಿನಲ್ಲಿ ನೀಲಿ ಗೆರೆಯ ಹಾಗೆ ಕಡಲು. ಪ್ರೊಫೆಸರರು ಇದ್ದ ವಿಭಾಗದಲ್ಲಿ ಆ ದಿನ ಅಧ್ಯಾಪಕರು ಯಾರೂ ಸಿಗಲಿಲ್ಲ. ಅಲ್ಲಿದ್ದ ಒಬ್ಬರು, ಗ್ರಂಥಾಲಯದಲ್ಲಿ ಪ್ರಬಂಧಗಳ ಕೋಣೆ ನೋಡಿಕೊಳ್ಳುವ ವರಲಕ್ಷ್ಮಿಯವರಿಗೆ ಎಲ್ಲರ ವಿಳಾಸವೂ ಗೊತ್ತಿರುತ್ತದೆ ಎಂದರು.

ವರಲಕ್ಷ್ಮಿ ನನ್ನ ವಯಸ್ಸಿನವರು. ದಪ್ಪ ಕನ್ನಡಕ, ಕೈಯಲ್ಲಿ ಧೂಳು ಹೊಡೆಯುವ ಬಟ್ಟೆ. ನಾನು ಯಾರೆಂದು ಶಾಂತಾ ಹೇಳಿದ್ದೇ ಆಕೆಯ ಮುಖ ಅರಳಿತು. ತಾನು ಮಾಡುವ ಕೆಲಸದ್ದೇ ಇನ್ನೊಂದು ತುದಿಯಲ್ಲಿರುವವನು ಎಂದು ಗುರುತು ಹಿಡಿದರು. “ನೀವು ಕಳಿಸುವವರು, ನಾನು ಕಾಯುವವಳು” ಎಂದರಂತೆ. ಶಾಂತಾ ಅನುವಾದಿಸಿದಳು.

ಆ ಕೋಣೆಯನ್ನು ನಾನು ಮರೆಯಲಾರೆ. ನಮ್ಮಲ್ಲಿ ಪ್ರಬಂಧ ಒಪ್ಪಿಗೆಯಾದ ಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿದ್ದೇ ಇಲ್ಲ. ಇಲ್ಲಿ ಅವು ನೆಲದಿಂದ ಸೂರಿನವರೆಗೆ ನಿಂತಿದ್ದವು. ವರಲಕ್ಷ್ಮಿ ಒಂದೊಂದನ್ನೇ ಎಳೆದು ತೋರಿಸಿದರು. ಕಡಲ ತಳದ ಕೆಸರು. ಏಡಿಯ ರಕ್ತ. ಮರದ ದೋಣಿಯನ್ನು ಒಳಗಿಂದ ತಿಂದು ಜರಡಿ ಮಾಡುವ ಹುಳ. ಅದೊಂದರ ಮೇಲೆಯೇ ಸಾಲು ಸಾಲು ಪ್ರಬಂಧಗಳು, ಹಡಗು ಕಟ್ಟುವ ಊರಲ್ಲವೇ. ಚಂಡಮಾರುತಗಳ ಹಾದಿ. ಸೆಣಬಿನ ಗಿರಣಿಯ ಹೆಂಗಸರ ಆರೋಗ್ಯ. ಬೆಟ್ಟದ ಜನರ ಮದುವೆ ಹಾಡು. ಗೋಡಂಬಿ ಸಿಪ್ಪೆಯ ಎಣ್ಣೆ. ಬೌದ್ಧರ ದಿಬ್ಬಗಳ ಇಟ್ಟಿಗೆ. ಒಂದರಲ್ಲಿ ಇಡೀ ಪುಸ್ತಕ ಸಮುದ್ರದ ಮರಳಿನ ಕಾಳುಗಳ ಚಿತ್ರಗಳೇ. ಪ್ರತಿ ಕಾಳನ್ನೂ ಯಾರೋ ಪೆನ್ಸಿಲಿನಿಂದ ಬರೆದಿದ್ದರು.

“ಇಷ್ಟು ಬರದಾರ! ಯಾರು ಓದ್ತಾರ ಅಣ್ಣಾ ಇದನ್ನೆಲ್ಲ?” ಎಂದು ಶಾಂತಾ ನನ್ನ ಕಿವಿಯಲ್ಲಿ ಕೇಳಿದಳು. ಏಡಿಯ ರಕ್ತಕ್ಕಾಗಿ ಯಾರೋ ನಾಲ್ಕೈದು ವರ್ಷ ಬೆಳಿಗ್ಗೆ ಎದ್ದು ದಂಡೆಗೆ ಹೋಗಿರಬೇಕು. ಮನೆಯಲ್ಲಿ ಯಾರೋ ಅವರಿಗೆ ಬುತ್ತಿ ಕಟ್ಟಿರಬೇಕು. ಹಾಗೆ ನಾನು ಎಂದೂ ನೋಡಿರಲಿಲ್ಲ.

ವರಲಕ್ಷ್ಮಿ ಮೂಲೆಯ ಕಪಾಟಿನಿಂದ ಒಂದು ತೆಳು ಸಂಪುಟ ತಂದರು. ಸೋಮಯಾಜುಲು ಅವರು ಯುವಕರಾಗಿದ್ದಾಗ ಬರೆದ ಪ್ರಬಂಧ. ಈ ಕರಾವಳಿಯ ಬೆಸ್ತರ ಪದಗಳ ಮೇಲೆ. ಟೈಪು ಮಾಡಿದ ಇಂಗ್ಲಿಷ್ ಸಾಲುಗಳ ನಡುವೆ ಜಾಗ ಬಿಟ್ಟು ತೆಲುಗು ಪದಗಳನ್ನು ಮಸಿಯಲ್ಲಿ ಕೈಯಾರೆ ಬರೆದಿದ್ದರು. ದುಂಡಗೆ, ಒಂದೂ ಚಿತ್ತಿಲ್ಲದೆ. ಹಿಂದಿನ ಚೀಟಿಯಲ್ಲಿ, ಅದನ್ನು ಎರವಲು ಪಡೆದವರ ಎರಡೇ ಸಹಿ. ಅವುಗಳಲ್ಲಿ ಒಂದು ಅವರದೇ.

“ಮಾಸ್ಟಾರಿಗೆ ಕಣ್ಣು ಹೋಗಿದೆ” ಎಂದರು ವರಲಕ್ಷ್ಮಿ. “ಹೆಂಡತಿ ತೀರಿಕೊಂಡ ವರ್ಷವೇ. ಈಗ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ.”

ನಾನು ಮಲಗಿಕೊಂಡು ದಾಟಿ ಬಂದ ಊರು!

ಕಡಲ ದಂಡೆ

ವಿಜಯವಾಡದ ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಶಾಂತಾ ನನ್ನನ್ನು ದಂಡೆಗೆ ಕರೆದುಕೊಂಡು ಹೋದಳು. ನಾನು ಅದಕ್ಕೂ ಮೊದಲು ಕಡಲು ನೋಡಿದ್ದು ಗೋಕರ್ಣದಲ್ಲಿ ಒಮ್ಮೆ. ಅಲ್ಲಿ ಸೂರ್ಯ ನೀರಿಗಿಳಿದಿದ್ದ. ಇಲ್ಲಿ ನೀರಿನಿಂದ ಎದ್ದು ಬರುತ್ತಿದ್ದ. ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂದೇ ತಿಳಿಯದವನ ಹಾಗೆ ಸುಮ್ಮನೆ ನಿಂತೆ.

ಮರಳಿನ ಮೇಲೆ ಖಾಲಿ ಬುಟ್ಟಿ ಮಗುಚಿ ಹಾಕಿ ಅದರ ಮೇಲೊಬ್ಬ ಹೆಂಗಸು ಕೂತಿದ್ದಳು. ಶಾಂತಾಳಿಗೆ ಪರಿಚಯವಿತ್ತು, ನೂಕಾಲಮ್ಮ, ಅವರ ಬೀದಿಯಲ್ಲಿ ಮೀನು ಮಾರುವವಳು. ನಮ್ಮದು ಮೀನು ತಿನ್ನುವ ಮನೆಯಲ್ಲ. ಆದರೂ ಹತ್ತು ವರ್ಷದಿಂದ ದಿನಾ ಒಂದು ಚೊಂಬು ನೀರು ಕೊಟ್ಟು ಕೊಟ್ಟು ಇಬ್ಬರೂ ಗೆಳತಿಯರಾಗಿದ್ದರು.

“ದೋಣಿ ಎಷ್ಟು ಹೊತ್ತಿಗೆ ಬರ್ತಾವಂತ ಕೇಳು” ಎಂದೆ.

ಶಾಂತಾ ಕೇಳಿದಳು. ನೂಕಾಲಮ್ಮ ನೀರಿನ ಮೇಲಿಂದ ಕಣ್ಣು ತೆಗೆಯದೆ, “ಗಾಲಿ ತಿರಗಾಲಿ” ಎಂದಳು.

“ಗಾಳಿ ತಿರುಗಬೇಕು” ಎಂದೆ ನಾನೇ, ಶಾಂತಾ ಬಾಯಿ ತೆರೆಯುವ ಮೊದಲು. ನೂಕಾಲಮ್ಮ ಆಗ ತಿರುಗಿ ನನ್ನನ್ನು ನೋಡಿ ನಕ್ಕಳು.

ಆಕೆಯ ಗಂಡ ಹಿಂದಿನ ದಿನವೇ ತೆಪ್ಪದಲ್ಲಿ ಹೋದವನು. ಪಕ್ಕದಲ್ಲಿ ಇನ್ನೂ ಏಳೆಂಟು ಹೆಂಗಸರು ಹಾಗೆಯೇ ಕೂತಿದ್ದರು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ರೈಲಿಗೆ ಹೊತ್ತಾಯಿತೆಂದು ನಾವೇ ಎದ್ದೆವು. ತೆಪ್ಪಗಳು ಬಂದದ್ದನ್ನು ನೋಡಲಾಗಲಿಲ್ಲ. ಆಮೇಲೆ ಶಾಂತಾ ಕಾಗದ ಬರೆದು, ಅಂದು ಸಂಜೆ ಎಲ್ಲರೂ ಬಂದರು ಎಂದು ತಿಳಿಸಿದಳು.

ರೈಲಿನಲ್ಲಿ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟ ತೆರೆದೆ.

ವಿಜಯವಾಡ

ನಿಲ್ದಾಣದ ಹೊರಗೆ ಬಿಸಿಲು ಒಲೆಯ ಬಾಯಿಯ ಹಾಗೆ ಎದುರು ನಿಂತಿತ್ತು. ಇನ್ನೂ ಫೆಬ್ರವರಿ ಮುಗಿದಿರಲಿಲ್ಲ. ರಿಕ್ಷಾದವನು ಕಾಲುವೆಯ ದಂಡೆ ಹಿಡಿದು ಹೋದ. ನಮ್ಮ ಕೃಷ್ಣೆಯ ನೀರೇ ಇಲ್ಲಿ ಕಾಲುವೆಗಳಾಗಿ ಊರೊಳಗೆ ಸುತ್ತುತ್ತಿತ್ತು. ನಮ್ಮಲ್ಲಿ ಹೊಳೆಗೆ ಹೋಗಬೇಕಾದರೆ ಊರು ಬಿಟ್ಟು ಹೋಗಬೇಕು. ಇಲ್ಲಿ ಮನೆಯ ಹಿಂದಿನ ಮೆಟ್ಟಿಲಿಳಿದರೆ ನೀರು.

ಬಾಗಿಲು ತೆರೆದವರು ಮಗಳು ಕಾಮೇಶ್ವರಿ. ಶಾಲೆಯಲ್ಲಿ ತೆಲುಗು ಪಂಡಿತರು. ನಾನು ಇಂಗ್ಲಿಷು ತಡವರಿಸಿ ನನ್ನ ಊರು, ಆಫೀಸು ಹೇಳಿದೆ. ಒಳಗಿನಿಂದ ಒಂದು ಧ್ವನಿ ಬಂತು:

“ಕರ್ಣಾಟಕದಿಂದ ಬಂದವರೇ? ತಾವು ದಯಮಾಡಿ ಒಳಗೆ ಬಂದು ಆಸೀನರಾಗಬೇಕು!”

ಇಂಥ ಕನ್ನಡವನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಪ್ರೊಫೆಸರರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ತರುಣರಾಗಿದ್ದಾಗ ಬಳ್ಳಾರಿಯಲ್ಲಿ ಕೆಲಕಾಲ ಮೇಷ್ಟ್ರಾಗಿದ್ದರಂತೆ; ಕನ್ನಡ ಕಲಿತದ್ದು ಅಲ್ಲಿ, ವ್ಯಾಕರಣದ ಪುಸ್ತಕ ಹಿಡಿದು. ಅವರು ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು, ಸ್ವಲ್ಪ ಪಕ್ಕಕ್ಕೆ.

“ಆ ಪ್ರಬಂಧವನ್ನು ಬೇರೊಬ್ಬರಿಗೆ ಕಳುಹಿಸಿದಿರಷ್ಟೆ? ಆ ಹೆಣ್ಣುಮಗಳಿಗೆ ಪದವಿ ಬಂದಿತೆ?”

ನನಗೆ ಅರ್ಥವಾಗಲಿಲ್ಲ. “ಇಲ್ಲ ಸರ್. ನಿಮ್ಮ ವರದಿಗೇ ಕಾಯ್ತಾ ಇದ್ದೀವಿ.”

ಕಾಮೇಶ್ವರಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ವಿಶಾಖಪಟ್ಟಣದಲ್ಲಿ ಪ್ರಬಂಧ ಕೈಗೆ ಬಂದ ಹೊತ್ತಿಗೇ ಅವರ ಕಣ್ಣು ಮಸುಕಾಗಿತ್ತು. ಇಲ್ಲಿಗೆ ಬಂದ ಮೇಲೆ ಮಗಳೇ ಓದಿ ಹೇಳತೊಡಗಿದರು. ಕನ್ನಡ ಅಕ್ಷರಗಳನ್ನು ತೆಲುಗಿನಂತೆ ಕೂಡಿಸಿಕೊಂಡು, ಒಂದು ಪದದ ಅರ್ಥವೂ ತಿಳಿಯದೆ ಸುಮಾರು ನಲವತ್ತು ಪುಟ ಓದಿದರು. ತಂದೆಗೆ ಅರ್ಥವಾಗುತ್ತಿತ್ತು. ಶಾಲೆ, ಅಡುಗೆ, ತಂದೆಯ ಔಷಧಿ, ಅದರ ಮೇಲೆ ಇದು. ಒಂದು ದಿನ ಓದುತ್ತ ಓದುತ್ತ ಆಕೆಗೆ ತಲೆ ಸುತ್ತಿ ಬಂತು. ಸಾಕಮ್ಮಾ ಎಂದರು ತಂದೆ. ತನಗೆ ಕಣ್ಣಿಲ್ಲ, ಬೇರೆ ಪರೀಕ್ಷಕರನ್ನು ನೇಮಿಸಿ ಎಂದು ಹೇಳಿ ಬರೆಸಿದರು. ಹೇಳಿದ್ದು ತೆಲುಗಿನಲ್ಲಿ, ಬರೆದದ್ದು ತೆಲುಗಿನಲ್ಲಿ.

“ಇಂಗ್ಲಿಷಿನಲ್ಲಿ ಬರೆಯಲೇ ಎಂದೆ” ಎಂದರು ಕಾಮೇಶ್ವರಿ. “ಅಪ್ಪ ಬೇಡವೆಂದರು. ನಾನು ಕನ್ನಡದವರ ಅಕ್ಷರ ಓದುವಾಗ ಅವರು ನಮ್ಮ ಅಕ್ಷರ ಓದಲಾರರೇ ಎಂದರು.”

ಆ ಪತ್ರ ನನಗೆ ನೆನಪಾಯಿತು. ನೀಲಿ ಇನ್‌ಲ್ಯಾಂಡ್ ಪತ್ರ. ಒಡೆದು ನೋಡಿ, ತೆಲುಗು ಎಂದು ‘ಇತರೆ’ ಫೈಲಿಗೆ ಹಾಕಿದವನು ನಾನೇ. ಯಾರನ್ನಾದರೂ ಕೇಳೋಣ ಎಂದುಕೊಂಡಿದ್ದೆ. ನನ್ನ ಮೇಜಿನಿಂದ ಆರು ಹೆಜ್ಜೆ ದೂರದಲ್ಲಿ ರಾಯಚೂರಿನ ಜವಾನ ಕೂರುತ್ತಾನೆ, ತೆಲುಗು ಬಲ್ಲವನು. ಕೇಳಲಿಲ್ಲ. ಮರೆತೆ. ಗಾಜುವಾಕದ ಬಸ್ಸಿನಲ್ಲಿ ಔಷಧಿ ಅಂಗಡಿಯ ಬೋರ್ಡು ಓದಿ ಹಿಗ್ಗಿದವನು, ಆ ದಿನ ಎರಡು ನಿಮಿಷ ಕಣ್ಣಾಡಿಸಿದ್ದರೆ ಕೊನೇ ಪಕ್ಷ ಕೆಳಗಿನ ಹೆಸರಾದರೂ ಗೊತ್ತಾಗುತ್ತಿತ್ತು.

ಸುಳ್ಳು ಹೇಳಬಹುದಿತ್ತು. ಅಂಚೆಯವರ ಮೇಲೆ ಹಾಕಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಆ ಮುದುಕರು ನಾನಿಲ್ಲದ ಕಡೆ ಮುಖ ಮಾಡಿ, ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದರು.

“ಪತ್ರ ಬಂದಿತ್ತು ಸರ್” ಎಂದೆ. “ನಾನೇ ಒಡೆದೆ. ಓದೋಕೆ ಪ್ರಯತ್ನ ಪಡಲಿಲ್ಲ. ತಪ್ಪು ನಂದು. ಆಕೀ ಹದಿನಾಲ್ಕು ತಿಂಗಳು ಹೋದದ್ದು ನನ್ನಿಂದ.”

ಪ್ರೊಫೆಸರರು ಮಗಳ ಕಡೆ ಏನೋ ಹೇಳಿದರು. ಆಕೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

“ಕುಡಿಯಿರಿ” ಎಂದರು ಅವರು. “ಪ್ರಾಯಶ್ಚಿತ್ತವನ್ನು ಒಂದನೆಯ ಪುಟದಿಂದ ಆರಂಭಿಸೋಣ. ತಮಗೆ ಗಂಟಲು ಸರಿಯಾಗಿದೆಯಷ್ಟೆ?”

ಮೂರು ದಿನ

ಮೊದಲು ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಹಾಕಿದೆ. ಪರೀಕ್ಷಕರಿಗೆ ಕಣ್ಣಿಲ್ಲ, ನಾನು ಓದಿ ಹೇಳಬಹುದೇ ಎಂದು ಕುಲಸಚಿವರನ್ನು ಕೇಳಬೇಕಿತ್ತು. “ಏನು? ಮಣ್ಣಾ?” ಎಂದರು ಆ ಕಡೆಯಿಂದ. “ಕಣ್ಣು ಸರ್, ಕಣ್ಣು!” ಎಂದು ಕೂಗಿದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ತಮ್ಮ ತಮ್ಮ ಕಣ್ಣು ಮುಟ್ಟಿಕೊಂಡರು. ವಿಷಯ ತಿಳಿದ ಮೇಲೆ ಅವರು, “ಓದಿ ಹೇಳ್ರಿ. ತೀರ್ಮಾನ ಅವರದ ಇರಬೇಕು, ಸಹಿ ಅವರದ ಇರಬೇಕು. ಇನ್ನೊಬ್ಬರನ್ನ ಹುಡುಕಿದ್ರ ಆಕೀ ಕೆಲಸಾ ಹೋಗ್ತದ” ಎಂದರು.

ಮೂರು ದಿನ ಓದಿದೆ. ಬೆಳಿಗ್ಗೆ ಕಾಮೇಶ್ವರಿ ಶಾಲೆಗೆ ಹೋದ ಮೇಲೆ ಶುರು; ಅವರು ಮಧ್ಯಾಹ್ನದ ಊಟಕ್ಕೆ ಬಡಿಸಲು ಬರುವರು; ಮತ್ತೆ ಸಂಜೆಯವರೆಗೆ. ನನ್ನ ಗಂಟಲು ಕಟ್ಟಿದಾಗ ಸಂಜೆಯ ಹೊತ್ತು ಅವರು ಕೈಯಿಂದ ಪುಸ್ತಕ ತೆಗೆದುಕೊಂಡು ನಾಲ್ಕು ಪುಟ ಓದುವರು. ಅರ್ಥ ತಿಳಿಯದೆ ಓದಿದ ಆ ಕನ್ನಡ ಎಷ್ಟು ಸ್ಪಷ್ಟವಾಗಿತ್ತೆಂದರೆ, ನಾನು ಅವಸರದಲ್ಲಿ ನುಂಗಿಬಿಡುತ್ತಿದ್ದ ಒತ್ತಕ್ಷರಗಳೆಲ್ಲ ಅವರ ಬಾಯಲ್ಲಿ ಪೂರ್ತಿ ಕೇಳಿಸುತ್ತಿದ್ದವು.

ಪ್ರೊಫೆಸರರು ಕಣ್ಣು ಮುಚ್ಚಿ ಕೇಳುವರು. ಬೆರಳು ಎತ್ತಿದರೆ ನಿಲ್ಲಿಸಬೇಕು, ಕೆಳಗಿಳಿಸಿದರೆ ಮುಂದುವರಿಸಬೇಕು. ಬೆಳಗಿನ ಮೂಡುಗಾಳಿ ದೋಣಿಯನ್ನು ನೀರಿಗೆ ಒಯ್ಯುತ್ತದೆ, ಮಧ್ಯಾಹ್ನದ ಪಡುಗಾಳಿ ಮನೆಗೆ ತರುತ್ತದೆ ಎಂಬ ಕಡೆ ಬೆರಳು ಮೇಲೆದ್ದಿತು.

“ಇನ್ನೊಮ್ಮೆ ಓದಿ.”

ಓದಿದೆ.

“ಇಲ್ಲಿ ವಿಪರ್ಯಾಸ. ನಮ್ಮ ಬೆಸ್ತರಿಗೆ ಪಡಮಟಿ ಗಾಲಿ, ಪಶ್ಚಿಮದ್ದು, ಹೊರಡುವ ಗಾಳಿ. ತಮ್ಮ ಕಡೆಯವರಿಗೆ ಅದೇ ದಿಕ್ಕಿನದು ಮರಳುವ ಗಾಳಿ. ಹೆಸರು ಒಂದೇ ಬೇರಿನದು. ಆ ಹುಡುಗಿ ಗಾಳಿಯನ್ನು ಗಾಳಿಯವರ ಬಾಯಿಂದಲೇ ಕೇಳಿದ್ದಾಳೆ.” ಅವರ ಮುಖದಲ್ಲಿ ನಗು. ಸ್ವಲ್ಪ ಹೊತ್ತು ಬಿಟ್ಟು ಅಳುಕುತ್ತ ಕೇಳಿದರು: “ವಿಶಾಖಪಟ್ಟಣದ ಗ್ರಂಥಾಲಯಕ್ಕೆ ಹೋಗಿದ್ದಿರಲ್ಲ. ನನ್ನದು ಇದೆಯೆ ಅಲ್ಲಿ?”

“ಇದೆ ಸರ್. ಒಂದು ಚೂರೂ ಧೂಳಿಲ್ಲ. ನಿಮ್ಮ ಕೈಬರಹ ನೋಡಿದೆ.”

ಅವರು ತಲೆಯಾಡಿಸಿದರು. ಚೀಟಿಯಲ್ಲಿನ ಸಹಿಗಳ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಪದಸೂಚಿಯ ಕೊನೆಯ ಸಾಲು ಮುಗಿಯಿತು. ವರದಿ ಬರೆಯಲು ಕಾಗದ ಹಾಸಿಕೊಂಡೆ. ಅವರು ಹೇಳಲು ಬಾಯಿ ತೆರೆದವರು ನಿಲ್ಲಿಸಿ, “ಬಸವಪ್ಪಗಾರೂ, ತಮಗೆ ಹೇಗೆನ್ನಿಸಿತು?” ಎಂದರು.

“ನನಗ?”

“ಪೂರ್ತಿ ಓದಿದವರು ತಾವು.”

ಅಷ್ಟು ವರ್ಷಗಳಲ್ಲಿ ಯಾವ ಪ್ರಬಂಧದ ಬಗೆಗೂ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಭಾಳ ಚಲೋ ಅದ ಸರ್ ಎಂದೆ. ಅವರು ಇನ್ನೂ ಕಾಯುತ್ತಿದ್ದರು. ನನಗೆ ದಂಡೆಯ ಮೇಲೆ ಬುಟ್ಟಿ ಮಗುಚಿ ಕೂತ ನೂಕಾಲಮ್ಮನ ನೆನಪಾಯಿತು.

“ಒಂದು ಮಾತು ಸರ್. ಇದರಾಗ ಮಾತಾಡಿದವರೆಲ್ಲ ದೋಣಿ ಒಳಗ ಇದ್ದವರು. ಗಂಡಸರು. ಕಾಯ್ತಾ ಕೂತ ಹೆಣ್ಣುಮಕ್ಕಳು ಆ ಗಾಳಿಗೆ ಏನಂತಾರ, ಅದು ಎಲ್ಲೂ ಬರಲಿಲ್ಲ.”

ಪ್ರೊಫೆಸರರ ಕೈ ಕುರ್ಚಿಯ ತೋಳಿನ ಮೇಲೆ ಹಾಗೇ ನಿಂತಿತು. ನಾನು ಅಧಿಕಪ್ರಸಂಗ ಮಾಡಿದೆ ಎಂದುಕೊಂಡೆ.

“ನನ್ನ ಪ್ರಬಂಧದಲ್ಲಿಯೂ ಬರಲಿಲ್ಲ” ಎಂದರು ಮೆಲ್ಲಗೆ. “ನಾಲ್ಕು ವರ್ಷ ಆ ದಂಡೆಯ ಮೇಲೆ ಅಲೆದೆ. ಅವರ ಪಕ್ಕದಲ್ಲಿಯೇ ಹಾದುಹೋಗುತ್ತಿದ್ದೆ.” ಮತ್ತೆ ಧ್ವನಿ ಎತ್ತಿ, “ಬರೆದುಕೊಳ್ಳಿ. ಪದವಿಗೆ ಸಂಪೂರ್ಣ ಯೋಗ್ಯ. ಅದು ಮೊದಲು. ಮೌಖಿಕ ಪರೀಕ್ಷೆಯಲ್ಲಿ ಕೇಳಲು ಒಂದು ಪ್ರಶ್ನೆ. ದೋಷವೆಂದಲ್ಲ, ಪ್ರಶ್ನೆಯೆಂದು ಬರೆಯಿರಿ.”

ಓದಿ ಹೇಳಿದವನು ನಾನು ಎಂಬುದನ್ನೂ ಅವರು ವರದಿಯಲ್ಲಿ ಬರೆಸಿದರು. ಸಹಿಯ ಜಾಗಕ್ಕೆ ಕಾಮೇಶ್ವರಿ ತಂದೆಯ ಬೆರಳು ಹಿಡಿದು ತಂದು ಇಟ್ಟರು. ಅಕ್ಷರ ಕೊಂಚ ಏರಿಹೋಯಿತು; ಆದರೆ ದುಂಡಗೇ ಇತ್ತು.

ಊರಿಗೆ

ವರದಿ ಸಲ್ಲಿಸಿ ಗಿರಿಜಾ ಅವರಿಗೆ ಕಾರ್ಡು ಹಾಕಿದೆ. ಬಂದರು. ಬಂದಿದೆ ಎಂದಷ್ಟೇ ಹೇಳಿ ಕಳಿಸಬಹುದಿತ್ತು. ಆದರೆ ವಿಜಯವಾಡದಲ್ಲಿ ಹೇಳಿದ್ದನ್ನು ಇಲ್ಲಿ ಹೇಳದಿದ್ದರೆ ಅದು ಅರ್ಧ ಹೇಳಿದಂತೆ. ನೀಲಿ ಪತ್ರವನ್ನು ಫೈಲಿನಿಂದ ತೆಗೆದು ಅವರ ಮುಂದಿಟ್ಟೆ. ನಡೆದದ್ದೆಲ್ಲ ಹೇಳಿದೆ. ಪ್ರಶ್ನೆಯ ವಿಷಯ ಮಾತ್ರ ಹೇಳುವಂತಿರಲಿಲ್ಲ.

“ಹದಿನಾಲ್ಕು ತಿಂಗಳು” ಎಂದರು ಗಿರಿಜಾ. ಎದ್ದು ಹೊರಟುಹೋದರು. ಕುಲಸಚಿವರ ಕೋಣೆಗೆ ಹೋದರೆಂದೇ ತಿಳಿದೆ. ಹೋಗಬೇಕಾದದ್ದೇ. ಅರ್ಧ ಗಂಟೆ ಕಳೆದು, ಮುಖ ತೊಳೆದುಕೊಂಡು ವಾಪಸು ಬಂದು ನನ್ನೆದುರು ಕೂತರು.

“ಪೂರಾ ಓದಿದ್ರಾ? ಪದಸೂಚಿನೂ?”

“ಪದಸೂಚಿನೂ ಓದೇನ್ರಿ. ಜೋರಾಗಿ.”

“ನಮ್ಮ ಗೈಡೂ ಪದಸೂಚಿ ಓದಲಿಲ್ಲ” ಎಂದರು. ನನ್ನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಮೌಖಿಕ ಪರೀಕ್ಷೆ ಇಟ್ಟರು. ಅಂಥ ಪರೀಕ್ಷೆಗಳಿಗೆ ಕುರ್ಚಿ ಹಾಕಿಸುವುದು ನನ್ನ ಕೆಲಸ, ಕೂರುವುದಲ್ಲ. ಆ ದಿನ ಹಿಂದಿನ ಸಾಲಿನಲ್ಲಿ ಕೂತೆ. ಎರಡನೆಯ ಸಾಲಿನಲ್ಲಿ ಗಿರಿಜಾರ ತಾಯಿ ಇದ್ದರು. ಮುಡಿ ತುಂಬ ಅಬ್ಬಲಿಗೆ, ಇಸ್ತ್ರಿಯ ಮಡಿಕೆ ಹೋಗದ ಸೀರೆ, ತೊಡೆಯ ಮೇಲೆ ಕೈಚೀಲ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಧ್ಯಕ್ಷರು ವಿಜಯವಾಡದ ವರದಿ ತೆಗೆದು ಓದಿದರು: “ದೋಣಿಗಾಗಿ ದಂಡೆಯ ಮೇಲೆ ಕಾಯುವ ಹೆಂಗಸರು ಗಾಳಿಯನ್ನು ಏನೆಂದು ಕರೆಯುತ್ತಾರೆ?”

ಗಿರಿಜಾ ಟಿಪ್ಪಣಿಯ ಹಾಳೆ ನೋಡಿದರು, ಕೆಳಗಿಟ್ಟರು. ಒಬ್ಬ ಗುಮಾಸ್ತನ ಬಾಯಿಚಪಲದಿಂದ ಈ ಹೆಣ್ಣುಮಗಳಿಗೆ ಎರಡನೆಯ ಸಲ ಪೆಟ್ಟಾಯಿತಲ್ಲ ಎಂದುಕೊಂಡೆ.

“ಇದನ್ನ ನಾನು ಪ್ರಬಂಧದಲ್ಲಿ ಬರೆದಿಲ್ಲ ಸರ್” ಎಂದರು ಕೊನೆಗೆ. “ಬರೆಯೋವಂಥ ವಿಷಯ ಅಂತ ಹೊಳೀಲಿಲ್ಲ. ನಮ್ಮ ಅವ್ವ, ದೋಣಿ ನೀರಿಗಿಳಿದ ಮೇಲೆ ಗಾಳಿಯ ಹೆಸರೇ ಹೇಳೋದಿಲ್ಲ. ಮೂಡು, ಪಡು, ತೆಂಕು, ಯಾವುದೂ ಇಲ್ಲ. ‘ಅದು’ ಅಂತಾಳೆ. ‘ಅದು ಬಂತು’, ‘ಅದು ಇನ್ನೂ ಬರಲಿಲ್ಲ.’ ನಮ್ಮ ಕೇರಿಯ ಎಲ್ಲಾ ಹೆಂಗಸರೂ ಹಾಗೇ. ದೋಣಿ ದಡಕ್ಕೆ ಬಂದು, ಅಪ್ಪ ಮರಳಿನ ಮೇಲೆ ಕಾಲಿಟ್ಟ ಮೇಲೇ, ಇವತ್ತು ಪಡುಗಾಳಿ ಚೆನ್ನಾಗಿತ್ತು ಅಂತ ಹೆಸರು ಹೇಳ್ತಾಳೆ.”

ಅಧ್ಯಕ್ಷರು ಕನ್ನಡಕ ತೆಗೆದರು. “ಯಾಕೆ ಹಾಗೆ?”

“ಒಂದು ಸಲ ಕೇಳಿದ್ದೆ ಸರ್, ಚಿಕ್ಕವಳಿದ್ದಾಗ. ಬೈದು ಒಳಗೆ ಕಳಿಸಿದ್ಲು.”

ಎಲ್ಲರೂ ನಕ್ಕರು, ನಗುತ್ತಲೇ ಎರಡನೆಯ ಸಾಲಿನ ಕಡೆ ತಿರುಗಿದರು. ಅಧ್ಯಕ್ಷರು ಎದ್ದು ನಿಂತು, “ಏನಮ್ಮಾ, ಹೌದಾ?” ಎಂದು ಕೇಳಿದರು.

ತಾಯಿ ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಮಗಳನ್ನು ನೋಡಿದರು, ತುಂಬಿದ ಕೋಣೆಯನ್ನು ನೋಡಿದರು.

“ಹೌದು” ಎಂದರು. “ಆದ್ರೆ ಅದನ್ನೆಲ್ಲ ಇಲ್ಲಿ ಯಾಕೆ ಹೇಳ್ತದೆ ಈ ಹುಡುಗಿ? ಇವಳ ಅಪ್ಪ ಇವತ್ತೂ ನೀರ ಮೇಲಿದ್ದಾರೆ.”